ವಿಮಾನ ಹಾರಿಸುವ ಮೈಸೂರು–ಮಂಡ್ಯದ ಹೆಣ್ಣುಮಕ್ಕಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಹೊತ್ತು ಮಂಡಕಳ್ಳಿ ಕಡೆಯಿಂದ ಒಂದು ಪುಟ್ಟ ವಿಮಾನ ಗುಂಯ್ ಅಂತ ಎದ್ದು ಹೋಗುವುದನ್ನು ನಂಜನಗೂಡು ರಸ್ತೆಯಲ್ಲಿ ಓಡಾಡುವವರು ನೋಡಿರುತ್ತೀರಿ. ಅದರೊಳಗೆ ಕೂತಿರುವುದು ಎಷ್ಟೋ ಸಲ ನಮ್ಮ ನಿಮ್ಮ ಮನೆಯಂಥ ಮನೆಯ ಹುಡುಗಿ. ಈ ಸೀಮೆಯಲ್ಲಿ ವಿಮಾನ ಹಾರಿಸುವ, ಹಾರಿಸಲು ಕಲಿಯುವ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜೊತೆಯಾಗಲು ಕಟ್ಟಿಕೊಂಡ ಗುಂಪು ನಮ್ಮದು. ಅಂಥವರು, ಅಂಥವರಾಗಬೇಕು ಅಂತ ಆಸೆ ಇಟ್ಟುಕೊಂಡವರು, ಅವರ ಅಪ್ಪ-ಅಮ್ಮಂದಿರು ನಮ್ಮನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಬರೆದಿದ್ದೇವೆ.

ಗುಂಪಿನಲ್ಲಿ ಏನು ಮಾಡುತ್ತೀರಿ? ನೀವೇ ವಿಮಾನ ಓಡಿಸುವುದು ಕಲಿಸುತ್ತೀರಾ?

ಇಲ್ಲ. ಕಲಿಸುವುದಕ್ಕೆ ಫ್ಲೈಯಿಂಗ್ ಸ್ಕೂಲ್‌ಗಳಿವೆ. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲೇ ಒಂದಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಇದೆ. ನಾವಿರುವುದು ಹಾರಾಟ ಇಲ್ಲದ ದಿನಗಳಿಗೆ. ಈ ಕೆಲಸದಲ್ಲಿ ಅಂಥ ದಿನಗಳೇ ಜಾಸ್ತಿ. ಮೆಡಿಕಲ್‌ಗೆ, ಅಂದರೆ ಹಾರಲು ಫಿಟ್ ಇದ್ದೀರಾ ಅಂತ ನೋಡುವ ವೈದ್ಯಕೀಯ ಪರೀಕ್ಷೆಗೆ ಕಾಯಬೇಕು, ಪರೀಕ್ಷೆಗೆ ಕಾಯಬೇಕು, ವಿಮಾನ ರಿಪೇರಿ ಮುಗಿಯಲಿ ಅಂತ ಕಾಯಬೇಕು. ಲೈಸೆನ್ಸ್ ಕೈಗೆ ಬಂದ ಮೇಲೂ ಏರ್‌ಲೈನ್ ಕರೆಯಲಿ ಅಂತ ಕಾಯಬೇಕು. ಮದುವೆ ಮನೆಯಲ್ಲಿ ನೆಂಟರು "ಎಲ್ಲಮ್ಮಾ, ಎಲ್ಲಿಗೆ ಬಂತು ನಿನ್ನ ವಿಮಾನ?" ಅಂತ ಕೇಳುವುದು ಆಗಲೇ. ನಾವು ನೋಡಿದ ಮಟ್ಟಿಗೆ ಹುಡುಗಿಯರು ಬಿಟ್ಟುಬಿಡುವುದು ಆಕಾಶದಲ್ಲಿ ಕಷ್ಟ ಆಯಿತು ಅಂತಲ್ಲ. ನೆಲದ ಮೇಲೆ ಒಬ್ಬರೇ ಕಾದು ಕಾದು ಸೋತು ಬಿಟ್ಟುಬಿಡುತ್ತಾರೆ.

ಹಾಗಾಗಿ ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಪರೀಕ್ಷೆಗೆ ಒಟ್ಟಿಗೆ ಓದುತ್ತೇವೆ. ಹಳೆಯ ಪುಸ್ತಕ, ಹೆಡ್‌ಸೆಟ್, ಚಾರ್ಟ್‌ಗಳನ್ನು ಕೈ ಬದಲಾಯಿಸಿಕೊಳ್ಳುತ್ತೇವೆ. ಸಂದರ್ಶನಕ್ಕೆ ತಯಾರಿ ಮಾಡಿಸುತ್ತೇವೆ. ಮೆಡಿಕಲ್‌ಗೆ ಬೆಂಗಳೂರಿಗೆ ಹೋಗುವವರ ಜೊತೆಗೆ ಒಬ್ಬರು ಹೋಗುತ್ತೇವೆ.

ಸೇರಲು ಎಷ್ಟು ದುಡ್ಡು?

ಏನೂ ಇಲ್ಲ. ಕಾಫಿ-ತಿಂಡಿ ಆ ದಿನ ಯಾರ ಮನೆಯೋ ಅವರದ್ದು.

ಪೈಲಟ್ ಆಗಲು ಏನು ಓದಿರಬೇಕು?

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಅಂದರೆ ಎಲ್ಲರೂ ಸಿಪಿಎಲ್ ಅನ್ನುವುದಕ್ಕೆ, ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಇದು ಇದುವರೆಗಿನ ನಿಯಮ. ವಯಸ್ಸು 18 ತುಂಬಿರಬೇಕು. ಕಾಮರ್ಸ್, ಆರ್ಟ್ಸ್ ಓದಿದವರು ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಮಾತ್ರ ಬರೆದು ಬಂದಿದ್ದಾರೆ. ಡಿಗ್ರಿ ಬೇಕೇ ಬೇಕು ಅಂತಿಲ್ಲ. ಆದರೂ ಒಂದು ಡಿಗ್ರಿ ಮಾಡಿಕೊಳ್ಳಿ ಅಂತ ನಾವು ಹೇಳುತ್ತೇವೆ, ದೂರ ಶಿಕ್ಷಣದಲ್ಲಾದರೂ ಸರಿ. ಕಾಯುವ ಕಾಲ ಬಂದಾಗ ಇನ್ನೊಂದು ಕೆಲಸಕ್ಕೆ ದಾರಿ ಇರುತ್ತದೆ.

ಆಮೇಲೆ 200 ಗಂಟೆ ಹಾರಾಟ ಆಗಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಆಗಿರಬೇಕು. ಊರಿಂದೂರಿಗೆ ಹೋಗುವ ಕ್ರಾಸ್ ಕಂಟ್ರಿ, ರಾತ್ರಿ ಹಾರಾಟ, ಹೊರಗೆ ನೋಡದೆ ಬರೀ ಮೀಟರ್‌ಗಳನ್ನು ನಂಬಿ ಹಾರಿಸುವುದು, ಇವೆಲ್ಲಕ್ಕೂ ಇಷ್ಟಿಷ್ಟು ಗಂಟೆ ಅಂತ ಇದೆ. ಜೊತೆಗೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಜಿಸಿಎ ನಡೆಸುವ ಪರೀಕ್ಷೆಗಳು: ನ್ಯಾವಿಗೇಷನ್, ಹವಾಮಾನ, ನಿಯಮಗಳು, ತಾಂತ್ರಿಕ ವಿಷಯಗಳು. ಪ್ರತಿಯೊಂದರಲ್ಲೂ ಪಾಸಾಗಲು ಶೇ 70 ಬೇಕು. ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಪರೀಕ್ಷೆ ಬೇರೆ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ಇಂಗ್ಲಿಷ್ ಅಂದರೆ ಭಯ. ಆಗುತ್ತದಾ?

ಆಗುತ್ತದೆ. ನಮ್ಮಲ್ಲಿ ಕೆ.ಆರ್. ಪೇಟೆ ಕಡೆಯ ಹಳ್ಳಿ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲೇ ಓದಿ ಬಂದವಳೊಬ್ಬಳಿದ್ದಾಳೆ. ಇವತ್ತು ರೇಡಿಯೊದಲ್ಲಿ ಅವಳ ಮಾತು ನಮ್ಮೆಲ್ಲರಿಗಿಂತ ಚೊಕ್ಕ.

ರೇಡಿಯೊ ಇಂಗ್ಲಿಷ್ ಅಂದರೆ ಕಾಲೇಜಿನಲ್ಲಿ ಠಸ್ಸ್ ಪುಸ್ಸ್ ಅಂತ ಮಾತಾಡುವ ಇಂಗ್ಲಿಷ್ ಅಲ್ಲ. ಅದು ಅಳತೆ ಮಾಡಿಟ್ಟ ಮಾತು. ಯಾರು ಯಾರನ್ನು ಕರೆಯುತ್ತಿದ್ದೀರಿ, ಎಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ, ಏನು ಬೇಕು. ಅಷ್ಟೇ. ಭಾರತದ ವಿಮಾನಗಳ ನಂಬರ್ ವಿಟಿ ಅಂತ ಶುರುವಾಗುತ್ತದೆ, ಅದನ್ನು ವಿಕ್ಟರ್ ಟ್ಯಾಂಗೋ ಅನ್ನಬೇಕು. ಒಂಬತ್ತಕ್ಕೆ ನೈನ್ ಅನ್ನುವ ಹಾಗಿಲ್ಲ, ನೈನರ್ ಅನ್ನಬೇಕು. ಕಿರಿಕಿರಿ ಸದ್ದಿನಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸಬಾರದಲ್ವಾ, ಅದಕ್ಕೆ.

ಅಭ್ಯಾಸ ಹೀಗೆ ಮಾಡಿಸುತ್ತೇವೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬಳು ನಿಲ್ದಾಣದಿಂದ ಸೂಚನೆ ಕೊಡುವ ಟವರ್, ಒಬ್ಬಳು ಪೈಲಟ್. ಪಕ್ಕದಲ್ಲಿ ಮಿಕ್ಸಿ ಓಡುತ್ತಿರುತ್ತದೆ, ಬೇಕಂತಲೇ. ಟವರ್ ಹೇಳಿದ್ದನ್ನು ಪೈಲಟ್ ಒಂದಕ್ಷರ ತಪ್ಪದೆ ತಿರುಗಿ ಹೇಳಬೇಕು. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಬೇಕು. ಇದನ್ನು ಕಲಿಯುವುದೇ ಎಲ್ಲಕ್ಕಿಂತ ಕಷ್ಟ. ಗೊತ್ತಾಗದಿದ್ದರೂ ತಲೆ ಆಡಿಸುವುದು ನಮಗೆ ಸ್ಕೂಲಿನಿಂದ ಬಂದ ಅಭ್ಯಾಸ. ಕಾಕ್‌ಪಿಟ್‌ನಲ್ಲಿ ಅದು ನಡೆಯುವುದಿಲ್ಲ.

ಒಟ್ಟು ಖರ್ಚು ಎಷ್ಟು? ಜಮೀನು ಅಡ ಇಡಬೇಕಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇವೆ. ಭಾರತದಲ್ಲೇ ಸಿಪಿಎಲ್ ಮುಗಿಸಲು ಅಂದಾಜು 40ರಿಂದ 60 ಲಕ್ಷ ರೂಪಾಯಿ, ಕೆಲವು ಕಡೆ ಅದಕ್ಕೂ ಜಾಸ್ತಿ. ಅದರ ಮೇಲೆ ಏರ್‌ಲೈನ್ ಓಡಿಸುವ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಯನ್ನು ಓಡಿಸುವ ಅರ್ಹತೆ ಬೇಕು. ಏರ್‌ಬಸ್ 320 ಅಂಥದ್ದಕ್ಕೆ ಇನ್ನೂ 15ರಿಂದ 25 ಲಕ್ಷ. ಮಂಡ್ಯದ ಗದ್ದೆ, ಮೈಸೂರಿನ ಸೈಟು ಇವುಗಳ ಲೆಕ್ಕದಲ್ಲಿ ಯೋಚಿಸುವ ಮನೆಗೆ ಇದು ಸಣ್ಣ ಮಾತಲ್ಲ.

ಶಿಕ್ಷಣ ಸಾಲ ಸಿಗುತ್ತದೆ. ಕೇಂದ್ರ ಸರ್ಕಾರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆದರೆ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಬ್ಯಾಂಕಿನವರು ಆಸ್ತಿ ಆಧಾರ ಕೇಳುತ್ತಾರೆ. ಹಾಗಾಗಿ ಜಮೀನಿನ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಸಲಹೆ: ಮೊದಲು ಮೆಡಿಕಲ್ ಮುಗಿಸಿ. ಆಮೇಲೆ ಮನೆಯಲ್ಲೇ ಕೂತು ಕಡಿಮೆ ಖರ್ಚಿನಲ್ಲಿ ಎರಡು ಮೂರು ಪರೀಕ್ಷೆ ಪಾಸು ಮಾಡಿ. ಅಷ್ಟಾದ ಮೇಲೂ ಆಸೆ ಹಾಗೇ ಇದ್ದರೆ ಆಗ ಜಮೀನಿನ ಪತ್ರ ಹೊರಗೆ ತೆಗೆಯಿರಿ. ಮನೆಯ ಒಂದೇ ಜಮೀನು, ತಮ್ಮ ತಂಗಿಯರ ಓದು ಅದರ ಮೇಲೇ ನಿಂತಿದೆ ಅಂದರೆ ಇನ್ನೆರಡು ವರ್ಷ ತಡೆಯಿರಿ ಅಂತಲೇ ಹೇಳುತ್ತೇವೆ. ಹುಡುಗಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಬಡ್ಡಿ ತಲೆಯಲ್ಲಿ ಓಡುತ್ತಿದ್ದರೆ ವಿಮಾನ ಓಡಿಸುವುದಕ್ಕಾಗುವುದಿಲ್ಲ.

ಟೈಪ್ ರೇಟಿಂಗ್ ದುಡ್ಡನ್ನು ಕೆಲಸದ ಪತ್ರ ಕೈಗೆ ಬರುವ ಮುಂಚೆ ಸುರಿಯಬೇಡಿ. ಯಾವ ಏರ್‌ಲೈನ್ ಯಾವ ವಿಮಾನಕ್ಕೆ ಕರೆಯುತ್ತದೋ ಯಾರಿಗೆ ಗೊತ್ತು?

ಫ್ಲೈಯಿಂಗ್ ಸ್ಕೂಲ್ ಆರಿಸುವಾಗ ಏನು ನೋಡಬೇಕು?

ಇದನ್ನು ಬರೆಯುತ್ತಿರುವ ನಾನು ನನ್ನ ಅನುಭವದಿಂದಲೇ ಹೇಳುತ್ತೇನೆ. ನಾನು ಬೇರೆ ರಾಜ್ಯದ ಒಂದು ಸ್ಕೂಲಿಗೆ ಫೀಸಿನ ಬಹುಪಾಲು ಮೊದಲೇ ಕಟ್ಟಿ ಸೇರಿದೆ. ಬ್ರೋಷರ್‌ನಲ್ಲಿ ಸಾಲಾಗಿ ನಿಂತ ವಿಮಾನಗಳ ಫೋಟೊ ಇತ್ತು. ಹೋಗಿ ನೋಡಿದರೆ ಅವುಗಳಲ್ಲಿ ಹಾರುವ ಸ್ಥಿತಿಯಲ್ಲಿದ್ದದ್ದು ಎರಡೇ. ಒಂದಕ್ಕೆ ಎಂಜಿನ್ ಇರಲಿಲ್ಲ, ಆ ಜಾಗಕ್ಕೆ ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟಿದ್ದರು. ಎಂಟು ತಿಂಗಳಲ್ಲಿ ನನಗೆ ಸಿಕ್ಕಿದ್ದು 22 ಗಂಟೆ. ಅಪ್ಪ ಪ್ರತಿ ಭಾನುವಾರ ಫೋನ್ ಮಾಡಿ "ಈ ವಾರ ಹಾರಿದೆಯಾ ಮಗಾ?" ಅಂತ ಕೇಳುತ್ತಿದ್ದರು. ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ: ಸೇರುವ ಮುಂಚೆ ಒಂದು ವಾರದ ದಿನ ಸುಮ್ಮನೆ ಹೋಗಿ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ ಹತ್ತಿರ ನಿಂತು ನೋಡಿ. ಇವತ್ತು ಎಷ್ಟು ವಿಮಾನ ಎದ್ದವು ಎಣಿಸಿ. ವಿಮಾನಕ್ಕೆಷ್ಟು ವಿದ್ಯಾರ್ಥಿಗಳು, ಇನ್‌ಸ್ಟ್ರಕ್ಟರ್ ಎಷ್ಟು ಜನ, ಹೋದ ವರ್ಷ ಸೇರಿದವರು ಈಗ ಎಷ್ಟು ಗಂಟೆ ಮುಗಿಸಿದ್ದಾರೆ, ಕೇಳಿ. ಆಫೀಸಿನಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತ ಹುಡುಗರನ್ನು ಕೇಳಿ. ಫೀಸನ್ನು ಹಾರಿದ ಗಂಟೆಗೆ ತಕ್ಕಂತೆ ಕಂತುಗಳಲ್ಲಿ ಕಟ್ಟಿ. ಒಪ್ಪದಿದ್ದರೆ ಎದ್ದು ಬನ್ನಿ. ಹುಡುಗಿಯರಿಗೆ ಸರಿಯಾದ ಹಾಸ್ಟೆಲ್, ಹ್ಯಾಂಗರ್ ಹತ್ತಿರ ಶುಚಿಯಾದ ಟಾಯ್ಲೆಟ್ ಇದೆಯಾ ಅಂತಲೂ ನೋಡಿ. ನಾಚಿಕೆ ಪಡುವ ವಿಷಯ ಅಲ್ಲ ಇದು.

ಮೆಡಿಕಲ್‌ನಲ್ಲಿ ಏನು ನೋಡುತ್ತಾರೆ? ಕನ್ನಡಕ ಇದ್ದರೆ?

ಕನ್ನಡಕ ಇದ್ದರೂ ಆಗುತ್ತದೆ, ಹಾಕಿಕೊಂಡಾಗ ನೋಟ ಸರಿಯಾಗಿ ಬರಬೇಕು. ಬಣ್ಣ ಗುರುತಿಸುವುದು ಮುಖ್ಯ. ಮೊದಲು ಶುರುವಿನ ಮೆಡಿಕಲ್ ಆದ ಕ್ಲಾಸ್ 2, ಆಮೇಲೆ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1. ಕ್ಲಾಸ್ 1 ಮಾಡುವ ಜಾಗಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು.

ನಮ್ಮ ಹುಡುಗಿಯರಿಗೆ ತೊಡಕಾಗುವುದು ಬಹಳ ಸಲ ಹಿಮೋಗ್ಲೋಬಿನ್. ರಕ್ತ ಕಡಿಮೆ ಇದ್ದರೆ ತಾತ್ಕಾಲಿಕ ಅನ್‌ಫಿಟ್ ಬರಬಹುದು. ಹಾಸ್ಟೆಲ್‌ನಲ್ಲಿ ಬಿಸ್ಕತ್ತು, ಚಹಾದಲ್ಲಿ ದಿನ ದೂಡಬೇಡಿ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು ತಿನ್ನಿ. ಮೂರು ತಿಂಗಳ ಮುಂಚೆಯೇ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಎತ್ತರ ಕಡಿಮೆ. ಬಿಡಬೇಕಾ?

ಸಿವಿಲ್ ವಿಮಾನಕ್ಕೆ ಇಷ್ಟೇ ಎತ್ತರ ಅಂತ ಇಲ್ಲ. ಕಾಲು ಪೆಡಲ್‌ಗೆ ಎಟುಕಬೇಕು, ವಿಮಾನದ ಮೂಗಿನಾಚೆ ರನ್‌ವೇ ಕಾಣಬೇಕು. ಬೆನ್ನಿಗೊಂದು, ಕೂರಲೊಂದು ದಿಂಬು ಇಟ್ಟುಕೊಂಡು ಸೆಸ್ನಾ ಅನ್ನುವ ಪುಟ್ಟ ವಿಮಾನ ಓಡಿಸಿದವರು ನಮ್ಮಲ್ಲೇ ಇದ್ದಾರೆ. ವಾಯುಪಡೆಯ ಫ್ಲೈಯಿಂಗ್ ಶಾಖೆಗೆ ಮಾತ್ರ 162.5 ಸೆಂಟಿಮೀಟರ್ ಕೇಳುತ್ತಾರೆ.

ಮುಟ್ಟಿನ ದಿನ ಹಾರಬಹುದಾ?

ಹಾರಬಾರದು ಅಂತ ಯಾವ ನಿಯಮವೂ ಇಲ್ಲ. ಹೊಟ್ಟೆನೋವು ಜೋರಾಗಿದ್ದರೆ, ನಿದ್ದೆ ಇಲ್ಲದಿದ್ದರೆ, ಮಾತ್ರೆ ನುಂಗಿ ಮಂಪರು ಇದ್ದರೆ ಹಾರಬೇಡಿ. ಜ್ವರ ಬಂದ ಗಂಡಸಿಗೂ ಇದೇ ಮಾತು. ಯಾವ ಮಾತ್ರೆ ನುಂಗಬಹುದು ಅಂತ ವಿಮಾನ ವೈದ್ಯಕೀಯ ಗೊತ್ತಿರುವ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಇನ್‌ಸ್ಟ್ರಕ್ಟರ್‌ಗೆ "ಸರ್, ಇವತ್ತು ನಾನು ಫಿಟ್ ಇಲ್ಲ" ಅಂದರೆ ಸಾಕು, ಕಾರಣ ಬಿಡಿಸಿ ಹೇಳಬೇಕಿಲ್ಲ.

ಒಬ್ಬಳೇ ಹಾರುವ ಮೊದಲ ದಿನ ಹೇಗಿರುತ್ತದೆ?

ಸೋಲೋ ಅಂತಾರೆ. ಅವತ್ತೂ ಎಲ್ಲ ದಿನದ ಹಾಗೇ ಶುರು. ವಿಮಾನದ ಸುತ್ತ ಒಂದು ಸುತ್ತು ಬರುತ್ತೀರಿ. ರೆಕ್ಕೆಯ ಕೆಳಗೆ ಒಂದು ಚಿಕ್ಕ ಪಾರದರ್ಶಕ ಲೋಟ ಒತ್ತಿ ಹಿಡಿದು ಸ್ವಲ್ಪ ಪೆಟ್ರೋಲ್ ಇಳಿಸಿಕೊಳ್ಳುತ್ತೀರಿ. ಈ ವಿಮಾನಗಳ ಪೆಟ್ರೋಲ್ ತಿಳಿ ನೀಲಿ ಬಣ್ಣ. ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ಅದು ತೂಕ, ತಳದಲ್ಲಿ ಗುಂಡು ಗುಂಡಾಗಿ ನಿಂತಿರುತ್ತದೆ. ನಿಮ್ಮ ಕೈ ನಡುಗುತ್ತಿದ್ದರೆ ಆ ನೀಲಿಯೂ ನಡುಗುತ್ತದೆ. ನನ್ನದು ನಡುಗಿತ್ತು.

ಎರಡು ಮೂರು ಸುತ್ತು ಜೊತೆಗೆ ಹಾರಿದ ಇನ್‌ಸ್ಟ್ರಕ್ಟರ್ ಇದ್ದಕ್ಕಿದ್ದ ಹಾಗೆ ಬೆಲ್ಟ್ ಬಿಚ್ಚಿ ಇಳಿದುಬಿಡುತ್ತಾರೆ. ಖಾಲಿ ಸೀಟಿನ ಬೆಲ್ಟನ್ನು ಅವರೇ ಕಟ್ಟಿಟ್ಟು ಬಾಗಿಲು ಹಾಕುತ್ತಾರೆ. ಆಮೇಲೆ ನಿಮಗೆ ಗೊತ್ತಾಗುವ ಮೊದಲ ವಿಷಯ, ವಿಮಾನ ಬೇಗ ಮೇಲೇರುತ್ತಿದೆ. ಒಬ್ಬರ ತೂಕ ಇಳಿದಿದೆಯಲ್ವಾ. ಮಂಡಕಳ್ಳಿಯಂಥ ಕಡೆ ಅದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಈ ಜಾಗ ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಮೇಲಿದೆ, ಗಾಳಿ ತೆಳು, ಬಿಸಿಲೇರಿದ ಮೇಲೆ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಚಾಮುಂಡಿ ಬೆಟ್ಟ ರೆಕ್ಕೆಯ ಆಚೆ ಕಾಣುವಾಗ ಕೈ ಮುಗಿಯಬೇಕು ಅನಿಸುತ್ತದೆ, ಆದರೆ ಎರಡೂ ಕೈಗೆ ಕೆಲಸ ಇರುತ್ತದೆ.

ನಮ್ಮ ಗುಂಪಿನಲ್ಲಿ ಸೋಲೋ ಮುಗಿಸಿದವಳಿಗೆ ಒಂದು ಮೊಳ ಮೈಸೂರು ಮಲ್ಲಿಗೆ ಮುಡಿಸುವ ಪದ್ಧತಿ ಇದೆ. ಹೂವು ಕೊಂಡು ತರಬೇಕಾದವಳು ಅದಕ್ಕೆ ಹಿಂದೆ ಸೋಲೋ ಮಾಡಿದವಳು.

ಮಳೆಗಾಲದಲ್ಲಿ ಏನು ಮಾಡುತ್ತೀರಿ?

ಓದುತ್ತೇವೆ. ಮಂಡಕಳ್ಳಿ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಆಷಾಢದ ಗಾಳಿ ನೈಋತ್ಯದಿಂದ ಅಡ್ಡ ಬೀಸಿದರೆ, ಮೋಡ ಬೆಟ್ಟದ ತಲೆಗೆ ಕೂತರೆ, ಹೊಸ ವಿದ್ಯಾರ್ಥಿಗಳಿಗೆ ಹಾರಾಟವಿಲ್ಲ. ಆಷಾಢ ಶುಕ್ರವಾರ ಊರೆಲ್ಲ ಬೆಟ್ಟ ಹತ್ತುವಾಗ ನಮ್ಮವರು ಹವಾಮಾನದ ಪುಸ್ತಕ ತೆರೆದು ಕೂತಿರುತ್ತಾರೆ. ಆ ವಿಷಯ ಕಲಿಯಲು ಅದೇ ಸರಿಯಾದ ಕಾಲ, ಕಿಟಕಿಯಾಚೆಯೇ ಪಾಠ ನಡೆಯುತ್ತಿರುತ್ತದೆ.

ಮದುವೆ, ಮಗು ಆದ ಮೇಲೆ ಹಾರಬಹುದಾ? ಗಂಡಿನ ಕಡೆಯವರು ಒಪ್ಪುತ್ತಾರಾ?

1936ರಲ್ಲಿ ಪೈಲಟ್ ಲೈಸೆನ್ಸ್ ಪಡೆದ ಸರಳಾ ಠಕ್ರಾಲ್ ಭಾರತದ ಮೊದಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರು. ಆಗ ಅವರಿಗೆ 21 ವರ್ಷ. ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿದರು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಈ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ಇದನ್ನೇ ಹೇಳುತ್ತೇನೆ.

ಇನ್ನು ಇವತ್ತಿನ ಮಾತು. ಗರ್ಭಿಣಿ ಅಂತ ಗೊತ್ತಾದ ಕೂಡಲೇ ತಿಳಿಸಬೇಕು, ಮುಚ್ಚಿಡಬಾರದು. ಹಾರಾಟದಿಂದ ತಾತ್ಕಾಲಿಕವಾಗಿ ಇಳಿಸುತ್ತಾರೆ. ಹೆರಿಗೆಯಾದ ಮೇಲೆ ಮತ್ತೆ ಮೆಡಿಕಲ್ ಪಾಸಾಗಿ ಬರಬೇಕು. ಕೆಲಸದಲ್ಲಿರುವವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ, 2017ರ ತಿದ್ದುಪಡಿಯಿಂದ ಬಂದದ್ದು. ಕಷ್ಟ ಇರುವುದು ಲೈಸೆನ್ಸ್ ಇದ್ದೂ ಕೆಲಸ ಸಿಗದೆ ಇರುವಾಗಲೇ ಮಗು ಆದವರಿಗೆ. ರಜೆ ಕೊಡಲು ಅಲ್ಲಿ ಯಾರೂ ಇಲ್ಲ. ರೇಟಿಂಗ್‌ಗಳ ಅವಧಿ ಮುಗಿಯುತ್ತಾ ಹೋಗುತ್ತದೆ, ಮತ್ತೆ ಹಾರಿ ನವೀಕರಿಸಲು ದುಡ್ಡು ಬೇಕು. ಆ ಹೊತ್ತಿಗೆ ಮನೆಯವರು "ಸಾಕು ಬಿಡು" ಅನ್ನುತ್ತಾರೆ. ನಮ್ಮ ಗುಂಪು ಶುರುವಾಗಿದ್ದೇ ಇಂಥ ಒಬ್ಬಳಿಗಾಗಿ. ಅವಳ ಮಗುವನ್ನು ಸರದಿಯ ಮೇಲೆ ನೋಡಿಕೊಂಡೆವು. ಅವಳು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದಳು.

ಗಂಡಿನ ಕಡೆಯವರ ವಿಷಯಕ್ಕೆ ಬಂದರೆ, ಮಾತುಕತೆಯ ದಿನವೇ ಹೇಳಿಬಿಡಿ: ರಾತ್ರಿ ಡ್ಯೂಟಿ ಇರುತ್ತದೆ, ಊರು ಬದಲಾಗುತ್ತದೆ, ಯುಗಾದಿಗೆ ಮನೆಯಲ್ಲಿ ಇಲ್ಲದೇ ಇರಬಹುದು. ಆಮೇಲೆ ನೋಡೋಣ ಅನ್ನುವ ಮನೆಯಲ್ಲಿ ಆಮೇಲೆ ಯಾರೂ ನೋಡುವುದಿಲ್ಲ.

ಲೈಸೆನ್ಸ್ ಬಂದು ಒಂದು ವರ್ಷ ಆಯಿತು. ಕೆಲಸ ಇಲ್ಲ. ಏನು ಮಾಡಲಿ?

ಮೊದಲು ನಮ್ಮ ಹತ್ತಿರ ಬನ್ನಿ. ನಿಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ. ಏರ್‌ಲೈನ್‌ಗಳು ಅಲೆ ಅಲೆಯಾಗಿ ಜನ ತಗೊಳ್ಳುತ್ತವೆ. ಅಲೆ ಬಂದಾಗ ಪುಸ್ತಕ ಮರೆತಿರಬಾರದು, ಮೆಡಿಕಲ್‌ನ ಅವಧಿ ಮುಗಿದಿರಬಾರದು. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡರೆ ಸಂಬಳವೂ ಬರುತ್ತದೆ, ಹಾರಾಟದ ಲೆಕ್ಕ ಬರೆದಿಡುವ ಲಾಗ್‌ಬುಕ್‌ನಲ್ಲಿ ಗಂಟೆಯೂ ಏರುತ್ತದೆ. ಹೆಣ್ಣು ಇನ್‌ಸ್ಟ್ರಕ್ಟರ್‌ಗಳು ಹೆಚ್ಚಾಗಬೇಕು ಅನ್ನುವುದು ನಮ್ಮ ದೊಡ್ಡ ಆಸೆ ಕೂಡ. ಪರೀಕ್ಷೆಗಳಿಗೆ ತಯಾರು ಮಾಡುವ ಗ್ರೌಂಡ್ ಸ್ಕೂಲ್‌ನಲ್ಲಿ ಪಾಠ ಹೇಳುವುದು, ಹಾರಾಟದ ಯೋಜನೆ ಮಾಡುವ ಏರ್‌ಲೈನ್‌ನ ಡಿಸ್‌ಪ್ಯಾಚ್ ವಿಭಾಗದಲ್ಲಿ ಕೆಲಸ, ಇವೂ ಈ ಲೋಕದೊಳಗೇ ಇರುವ ದಾರಿಗಳು.

ದುಡ್ಡಿಲ್ಲದೆ ಹಾರುವ ದಾರಿ ಇದೆಯಾ?

ಇದೆ, ವಾಯುಪಡೆ. ತರಬೇತಿ ಖರ್ಚು ಸರ್ಕಾರದ್ದು. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧ ವಿಮಾನದ ಪೈಲಟ್‌ಗಳಾಗಿ ಸೇರಿದರು. 2018ರಲ್ಲಿ ನಮ್ಮ ಚಿಕ್ಕಮಗಳೂರಿನ ಮೇಘನಾ ಶಾನಭಾಗ್ ಆ ಸಾಲಿಗೆ ಬಂದರು. ಡಿಗ್ರಿ ಆದವರಿಗೆ ವಾಯುಪಡೆ ಸೇರಲು ಎಎಫ್‌ಕ್ಯಾಟ್ ಪರೀಕ್ಷೆ. ಪಿಯುಸಿ ಆದ ಕೂಡಲೇ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ; 2022ರಿಂದ ಅಲ್ಲಿ ಹುಡುಗಿಯರ ಬ್ಯಾಚ್ ಇದೆ. ಕಾಲೇಜಿನಲ್ಲಿ ಎನ್‌ಸಿಸಿ ವಾಯು ವಿಭಾಗ ಇದ್ದರೆ ಖಂಡಿತ ಸೇರಿ. ಅದರ ಸಿ ಸರ್ಟಿಫಿಕೇಟ್ ಇದ್ದವರಿಗೆ ಬೇರೆಯೇ ಪ್ರವೇಶ ದಾರಿ ಇದೆ.

ಪೈಲಟ್ ಅಲ್ಲದವರೂ ಸೇರಬಹುದಾ?

ಧಾರಾಳವಾಗಿ. ಏರ್ ಟ್ರಾಫಿಕ್ ಕಂಟ್ರೋಲ್, ವಿಮಾನ ನಿರ್ವಹಣೆಯ ಎಂಜಿನಿಯರ್, ಕ್ಯಾಬಿನ್ ಸಿಬ್ಬಂದಿ, ಎಲ್ಲರೂ ನಮ್ಮವರೇ. ಡ್ರೋನ್ ಹಾರಿಸುವವರೂ. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯನ್ನು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು ಅಂತ ರೂಪಿಸಿದ್ದರು. ಹತ್ತನೇ ಕ್ಲಾಸ್ ಪಾಸಾಗಿ 18 ತುಂಬಿದ್ದರೆ ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ ಕಲಿಯಬಹುದು. ಕಬ್ಬಿನ ಗದ್ದೆಯೊಳಗೆ ಬೆನ್ನಿಗೆ ಔಷಧಿ ಕ್ಯಾನ್ ಹೊತ್ತು ನಡೆದವರಿಗೆ, ಬದುವಿನ ಮೇಲೆ ನಿಂತು ಅದೇ ಕೆಲಸ ಮಾಡುವುದು ಎಂಥ ಬದಲಾವಣೆ ಅಂತ ಗೊತ್ತಾಗುತ್ತದೆ.

ಇನ್‌ಸ್ಟ್ರಕ್ಟರ್ ಅಥವಾ ಬೇರೆ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ?

ಲಾಗ್‌ಬುಕ್‌ಗೆ ಸಹಿ ಹಾಕುವವರು ಅವರೇ ಅಂತ ಸುಮ್ಮನಿರಬೇಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಎಲ್ಲ ಕೆಲಸದ ಜಾಗದಲ್ಲೂ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದಿನಾಂಕ, ಹೊತ್ತು, ಹೇಳಿದ ಮಾತು ಬರೆದಿಡಿ. ನಡುರಾತ್ರಿಯಾದರೂ ನಮಗೆ ಫೋನ್ ಮಾಡಿ. ದೂರು ಕೊಡುವಾಗ ಪಕ್ಕದಲ್ಲಿ ನಾವಿರುತ್ತೇವೆ.

ಮೈಸೂರಿನಂಥ ಊರಿನಲ್ಲಿ ಇಂಥ ಗುಂಪು ಯಾಕೆ? ಬೆಂಗಳೂರು ಸಾಲದಾ?

ವಿಮಾನ ಈ ಸೀಮೆಗೆ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಈಗಿನ ಎಚ್‌ಎಎಲ್, ಶುರುವಾದಾಗ ಜಾಗ ಮತ್ತು ಬಂಡವಾಳದ ಒಂದು ಪಾಲು ಕೊಟ್ಟಿದ್ದು ಮೈಸೂರು ಸಂಸ್ಥಾನ. ಮಂಡಕಳ್ಳಿಯ ವಿಮಾನದ ಬಯಲೂ ಅರಸರ ಕಾಲದ್ದೇ. ಜಕ್ಕೂರಿನ ಶಾಲೆಯಲ್ಲಿ 1949ರ ಸುಮಾರಿಗೆ ಕಲಿತು ಹೊರಬಂದ ಮೊದಲಿಗರಲ್ಲಿ ಒಬ್ಬ ಹೆಣ್ಣುಮಗಳಿದ್ದರು, ಉಷಾ ಸುಂದರಂ. ಅವರ ಪತಿ ವಿ. ಸುಂದರಂ ಮೈಸೂರು ಮಹಾರಾಜರ ಪೈಲಟ್ ಆಗಿದ್ದವರು. 1951ರಲ್ಲಿ ಈ ಗಂಡ ಹೆಂಡತಿ ಸೇರಿ ಡವ್ ಅನ್ನುವ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬೈಗೆ 27 ಗಂಟೆಗಳಲ್ಲಿ ತಂದರು. ಈ ಹೆಸರು ನಮ್ಮ ಹುಡುಗಿಯರಿಗೆ ಸ್ಕೂಲಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಇವತ್ತು ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇ 15ರಷ್ಟು ಹೆಣ್ಣುಮಕ್ಕಳು, ಜಗತ್ತಿನ ಸರಾಸರಿ ಶೇ 5ರ ಆಸುಪಾಸು. 1929ರಲ್ಲಿ ಅಮೆರಿಕದಲ್ಲಿ 99 ಮಹಿಳಾ ಪೈಲಟ್‌ಗಳು ಸೇರಿ ಒಂದು ಸಂಘ ಕಟ್ಟಿದ್ದರು, ಒಬ್ಬರಿಗೊಬ್ಬರು ಕೆಲಸ ಹುಡುಕಿಕೊಡಲು, ಜೊತೆಗಿರಲು. ಅವರಿಗೆ ಬೇಕಾಗಿದ್ದು ನಮಗೂ ಬೇಕು. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರಲು ಮಳವಳ್ಳಿಯ ಹುಡುಗಿಗೆ ಒಂದು ದಿನ ಪೂರ್ತಿ ಬೇಕು. ಮೈಸೂರಿಗಾದರೆ ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆ ಸೇರುತ್ತಾಳೆ.

ಮೊದಲ ಸಲ ಬರುವಾಗ ಏನು ತರಬೇಕು?

ಮಾರ್ಕ್ಸ್ ಕಾರ್ಡ್, ಒಂದು ನೋಟ್‌ಬುಕ್. ಪರೀಕ್ಷೆಯಲ್ಲಿ ಫೇಲಾಗಿದ್ದರೆ ಆ ಫಲಿತಾಂಶವನ್ನೂ ತನ್ನಿ, ಎಲ್ಲಿ ತಪ್ಪಿತು ಅಂತ ಒಟ್ಟಿಗೆ ನೋಡೋಣ. ಅಮ್ಮನನ್ನು ಕರೆದುಕೊಂಡು ಬನ್ನಿ. ಅಪ್ಪ ಬಂದರೂ ಸಂತೋಷ. ಅವರು ಕೇಳಬೇಕಾದ್ದನ್ನು ಅವರೇ ಕೇಳಲಿ, ಲೈಸೆನ್ಸ್ ಇರುವ ಹುಡುಗಿಯ ಅಮ್ಮ ಒಬ್ಬರು ಉತ್ತರ ಹೇಳಲು ಅಲ್ಲಿ ಕೂತಿರುತ್ತಾರೆ.